ಬಟ್ಟೆಗೆ ಹಳದಿ ಕಲೆ, ಕಕ್ಕ ಮಾತ್ರ ಬಿಳಿ

ಮೊನ್ನೆ ಪಾಪುವನ್ನು ಎರಡನೇ ಸಲ ಬೆಂಗಳೂರಿಗೆ ತೋರಿಸಿಕೊಂಡು ಬಂದೆವು. ಈಗ ಮಲಗಿದ್ದಾಳೆ. ಇವಳು ಏಳುವುದರೊಳಗೆ ಎಷ್ಟಾಗುತ್ತೋ ಅಷ್ಟು ಬರೆದುಬಿಡುತ್ತೇನೆ. ಜುಲೈನಲ್ಲಿ ನಾನು ರಾತ್ರಿಯಿಡೀ ಫೋನ್ ಹಿಡಿದು ಹುಡುಕಿದಾಗ ಕನ್ನಡದಲ್ಲಿ ನನಗೆ ಸಿಕ್ಕಿದ್ದು ಒಂದೇ ಮಾತು: ಹುಟ್ಟಿದ ಮಕ್ಕಳಿಗೆ ಕಾಮಾಲೆ ಸಾಮಾನ್ಯ, ಎಳೆಬಿಸಿಲಿಗೆ ಹಿಡಿಯಿರಿ, ಹೆದರಬೇಡಿ. ನಾವು ಹೆದರದೇ ಕೂತಿದ್ದೇ ತಪ್ಪಾಯಿತು. ಅವಳದ್ದು ಅಂಥ ಸಾಮಾನ್ಯ ಕಾಮಾಲೆ ಅಲ್ಲ, ಪಿತ್ತನಾಳದ ತೊಂದರೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಪೇಟೆಯಿಂದ ಒಳಗೆ. ಸ್ವಲ್ಪ ಅಡಿಕೆ ತೋಟ ಇದೆ. ಪಾಪು ಹುಟ್ಟಿದ್ದು ಜೂನ್ ಮೊದಲ ವಾರ, ತಿಂಗಳು ತುಂಬಿಯೇ, 2.9 ಕೆಜಿ. ಮೂರನೇ ದಿನ ಹಳದಿ ಆದಳು. ಎರಡು ದಿನ ನೀಲಿ ಲೈಟಿನ ಕೆಳಗೆ ಇಟ್ಟರು, ಇಳಿಯಿತು ಅಂತ ಮನೆಗೆ ಕಳಿಸಿದರು. ಅಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ಎಷ್ಟೋ ಮಕ್ಕಳಿಗೆ ಆಗುವುದೇ ಅಲ್ವಾ.

ಎರಡು ವಾರ ಕಳೆದರೂ ಕಣ್ಣಿನ ಬಿಳಿಭಾಗ ಹಳದಿ ಬಿಡಲಿಲ್ಲ. ಹದಿನೆಂಟನೇ ದಿನ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದೆವು. ತೂಕ ನೋಡಿದರು, ಏರಿತ್ತು. ಹಾಲು ಚೆನ್ನಾಗಿ ಕುಡಿಯುತ್ತಿದ್ದಳು, ಅತ್ತರೆ ಊರಿಗೆಲ್ಲ ಕೇಳುತ್ತಿತ್ತು. "ಎದೆಹಾಲಿನ ಕಾಮಾಲೆ, ತಾನಾಗಿ ಹೋಗುತ್ತೆ, ಬಿಸಿಲಿಗೆ ಹಿಡೀರಿ" ಅಂದರು. ಆರಿದ್ರಾ ಮಳೆ ಹಿಡಿದ ಮಲೆನಾಡಲ್ಲಿ ಬಿಸಿಲು ಎಲ್ಲಿಂದ ತರುವುದು? ಹನ್ನೊಂದು ದಿನ ಸೂರ್ಯನ ಮುಖವೇ ಕಾಣಲಿಲ್ಲ. ಒಂದು ದಿನ ಹತ್ತು ನಿಮಿಷ ಬಿಸಿಲು ಬಿತ್ತು ಅಂತ ಅತ್ತೆ ಬಾಣಂತಿ ಕೋಣೆಯಿಂದ ಪಾಪುವನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು, ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಮತ್ತೆ ಜಡಿಮಳೆ. ಆಗ ನಕ್ಕಿದ್ದೆವು. ಅವಳಿಗೆ ಇದ್ದ ತೊಂದರೆಗೆ ರಾಜಸ್ಥಾನದ ಬಿಸಿಲೂ ಪ್ರಯೋಜನ ಇರಲಿಲ್ಲ ಅಂತ ಗೊತ್ತಾಗಿದ್ದು ತಿಂಗಳಾದ ಮೇಲೆ.

ಆಮೇಲೆ ನಾಟಿ ಔಷಧಿ. ನಮ್ಮ ಕಡೆ ಕಾಮಾಲೆ ಅಂದರೆ ಮೊದಲು ನೆನಪಾಗುವುದೇ ಅದು. ಹಾಲು ಕುಡಿಸುವ ತಾಯಿ ಕುಡಿದರೆ ಸಾಕು ಅಂದರು, ಎಂಟು ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕಷಾಯ, ಉಪ್ಪು ಹುಳಿ ಖಾರ ಇಲ್ಲದ ಗಂಜಿ. ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ, ದುಡ್ಡು ಕೂಡ ಮುಟ್ಟಲಿಲ್ಲ. ಆದರೆ ಆ ಎಂಟು ದಿನ ಈಗಲೂ ಚುಚ್ಚುತ್ತೆ.

ಸುಳಿವು ನಮ್ಮ ಬಚ್ಚಲುಮನೆಯಲ್ಲೇ ನೇತಾಡುತ್ತಿತ್ತು. ಮಳೆಗಾಲದಲ್ಲಿ ಪಾಪುವಿನ ಬಟ್ಟೆಗಳನ್ನು ಬಚ್ಚಲು ಒಲೆಯ ಮೇಲೆ ದಾರ ಕಟ್ಟಿ ಒಣಗಿಸುತ್ತೇವೆ. ಹಳೇ ಬಿಳಿ ಪಂಚೆ ಹರಿದು ಮಾಡಿದ ತುಂಡುಗಳು. ಅವುಗಳಲ್ಲಿ ಉಚ್ಚೆಯ ಕಲೆ ಅರಿಶಿನ ಹಚ್ಚಿದ ಹಾಗೆ ಉಳಿಯುತ್ತಿತ್ತು. "ಎಂಥ ಕಲೆ ಮಾರಾಯ್ತಿ ಇದು, ಸೋಪು ಹಾಕಿ ತಿಕ್ಕಿದರೂ ಹೋಗ್ತಿಲ್ಲ" ಅಂತ ಅತ್ತೆ ಎರಡು ಮೂರು ಸಲ ಹೇಳಿದ್ದರು. ಹೊಗೆಯ ಬಣ್ಣ ಅಂದುಕೊಂಡೆ. ಎಳೆ ಮಕ್ಕಳ ಉಚ್ಚೆ ನೀರಿನ ಹಾಗೆ ಇರಬೇಕು, ಬಟ್ಟೆಗೆ ಬಣ್ಣ ಹಿಡಿಯಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ. ಕಕ್ಕದ್ದು ಇದಕ್ಕೆ ಉಲ್ಟಾ. ಮೊದಲು ಹಳದಿ ಇದ್ದದ್ದು ಬರುಬರುತ್ತಾ ತಿಳಿಯಾಯಿತು, ಐದನೇ ವಾರಕ್ಕೆ ಅಕ್ಕಿಹಿಟ್ಟು ಕಲಸಿದ ಹಾಗೆ. ಬರೀ ಹಾಲು ಕುಡಿಯುವ ಮಗು, ಬೆಳ್ಳಗೆ ಇರದೆ ಇನ್ನೇನು ಅಂದುಕೊಂಡೆವು.

ಕಂಡುಹಿಡಿದಿದ್ದು ಯಾವ ದೊಡ್ಡ ಡಾಕ್ಟರೂ ಅಲ್ಲ. ಆರು ವಾರದ ಇಂಜೆಕ್ಷನ್‌ಗೆ ಹೋದಾಗ, ಅಂದರೆ 42ನೇ ದಿನ, ಪಾಪು ಸರಿಯಾಗಿ ಸಿಸ್ಟರ್ ಮಡಿಲಲ್ಲೇ ಕಕ್ಕ ಮಾಡಿದಳು. ನಾನು ನಾಚಿಕೆಯಿಂದ ಒರೆಸಲು ಹೋದರೆ ಅವರು ಕೈ ಹಿಡಿದರು. ಬಟ್ಟೆಯನ್ನು ಕಿಟಕಿ ಹತ್ತಿರ ಒಯ್ದು ಬೆಳಕಿಗೆ ಹಿಡಿದು ನೋಡಿದರು. "ಎಷ್ಟು ದಿನದಿಂದ ಹೀಗಿದೆ ಅಕ್ಕ? ನಾಳೆ ಅನ್ನಬೇಡಿ, ಶಿವಮೊಗ್ಗಕ್ಕೆ ಹೋಗಿ. ಡೈರೆಕ್ಟ್ ಬಿಲಿರುಬಿನ್ ಮಾಡಿಸಿ, ಬರೀ ಟೋಟಲ್ ಅಲ್ಲ" ಅಂತ ತಾಯಿ ಕಾರ್ಡಿನ ಹಿಂದೆ ಬರೆದುಕೊಟ್ಟರು. ಬಿಲಿರುಬಿನ್ ಅಂದರೆ ಕಾಮಾಲೆಯಲ್ಲಿ ಮೈ ಕಣ್ಣು ಹಳದಿ ಮಾಡುವ ರಕ್ತದಲ್ಲಿನ ಅಂಶ.

ಅವತ್ತು ಮಧ್ಯಾಹ್ನ ಇವರು ತೋಟದಲ್ಲಿದ್ದರು. ಕೊಳೆರೋಗಕ್ಕೆ ಎರಡನೇ ಸಲದ ಬೋರ್ಡೋ ಹೊಡೆಸುವ ಸಮಯ, ಮಳೆ ಒಂದು ಗಳಿಗೆ ಬಿಟ್ಟರೆ ಸಾಕು ಅಂತ ಆಳುಗಳು ಕಾಯುತ್ತಿದ್ದರು. ಸುಣ್ಣ ಮೈಲುತುತ್ತು ಕಲಸಿದ ಡ್ರಮ್ ಹಾಗೇ ಬಿಟ್ಟು ಮರುದಿನ ಬೆಳಿಗ್ಗೆ ಹೊರಟೆವು. ಮಂಡಗದ್ದೆ ದಾಟಿ ಸಕ್ರೆಬೈಲು, ಗಾಜನೂರು. ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಬಸ್ಸಿನಲ್ಲಿ ನಾವಿಬ್ಬರೂ ಮಾತೇ ಆಡಲಿಲ್ಲ.

ಶಿವಮೊಗ್ಗದ ಮಕ್ಕಳ ಡಾಕ್ಟರ್ ರಿಪೋರ್ಟ್ ನೋಡಿ ಪೆನ್ನಿನಿಂದ ಒಂದು ಸಾಲಿಗೆ ಗೆರೆ ಎಳೆದರು. ಟೋಟಲ್ 11.2, ಡೈರೆಕ್ಟ್ 7.8. ಅವರು ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಕಾಮಾಲೆಯಲ್ಲಿ ಎರಡು ಜಾತಿ. ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಬಂದು ಹೋಗುವುದು ಇನ್‌ಡೈರೆಕ್ಟ್, ಅದಕ್ಕೆ ನೀಲಿ ಲೈಟು ಕೆಲಸ ಮಾಡುತ್ತೆ. ಡೈರೆಕ್ಟ್ ಏರಿದೆ ಅಂದರೆ ಲಿವರ್ ತನ್ನ ಕೆಲಸ ಮುಗಿಸಿ ಪಿತ್ತ ಮಾಡಿದೆ, ಆದರೆ ಅದು ಹೊರಗೆ ಹೋಗುತ್ತಿಲ್ಲ. ಈ ಡೈರೆಕ್ಟ್ ಒಂದಕ್ಕಿಂತ ಜಾಸ್ತಿ ಇದ್ದರೇ ವಿಚಾರಿಸಬೇಕು. ಎರಡು ವಾರ ದಾಟಿಯೂ ಹಳದಿ ಇರುವ ಪ್ರತಿ ಮಗುವಿಗೂ ಈ ಟೆಸ್ಟ್ ಮಾಡಿಸಬೇಕಂತೆ. ನೂರಿನ್ನೂರು ರೂಪಾಯಿಯ ಟೆಸ್ಟು. ಹದಿನೆಂಟನೇ ದಿನವೇ ಇದನ್ನು ಕೇಳಿ ಮಾಡಿಸಿದ್ದರೆ ನಮಗೆ 25 ದಿನ ಉಳಿಯುತ್ತಿತ್ತು.

ಇನ್ನೊಂದು ಹೆದರಿಕೆ ಆಗಲೇ ಆಯಿತು. ರಕ್ತ ತೆಗೆದ ಜಾಗದಲ್ಲಿ ಹತ್ತಿ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಕಾಲು ಗಂಟೆ ಒತ್ತಿಕೊಂಡೇ ಕೂತಿದ್ದೆ, ಮೂರು ಹತ್ತಿ ಕೆಂಪಾಯಿತು. ಪಿತ್ತ ಕರುಳಿಗೆ ಇಳಿಯದಿದ್ದರೆ ಕೊಬ್ಬು ಜೀರ್ಣವಾಗಲ್ಲ, ಅದರ ಜೊತೆಗೇ ಸೇರಬೇಕಾದ ವಿಟಮಿನ್ ಕೆ ಕೂಡ ಮೈಗೆ ಹತ್ತಲ್ಲ, ಹಾಗಾಗಿ ರಕ್ತ ಹೆಪ್ಪುಗಟ್ಟುವುದು ತಡ ಅಂತ ಹೇಳಿ ತಕ್ಷಣ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟರು.

ಮರುದಿನ ಹೊಟ್ಟೆಯ ಸ್ಕ್ಯಾನಿಂಗ್. ನಾಲ್ಕು ಗಂಟೆ ಹಾಲು ಕೊಡಬಾರದು. ಹಾಲು ಕುಡಿದರೆ ಪಿತ್ತಕೋಶ ಕುಗ್ಗಿಬಿಡುತ್ತೆ, ಇದೆಯೋ ಇಲ್ಲವೋ ತಿಳಿಯಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಟೋಕನ್ ಸಿಕ್ಕಿತ್ತು, ನಮ್ಮ ಸರದಿ ಬಂದಿದ್ದು ಹನ್ನೊಂದೂವರೆಗೆ. ಅವಳು ಅತ್ತು ಅತ್ತು ದನಿ ಹೋಗಿತ್ತು, ನನ್ನ ರವಿಕೆ ಪೂರ್ತಿ ಒದ್ದೆ. ಇದಕ್ಕೆ ಹೋಗುವವರು ಮೊದಲೇ ಕೌಂಟರಿನಲ್ಲಿ "ಖಾಲಿ ಹೊಟ್ಟೆಯ ಮಗು, ಇಷ್ಟೊತ್ತಿಗೆ ಹಾಲು ಕೊಟ್ಟಿದ್ದು" ಅಂತ ಗಟ್ಟಿಯಾಗಿ ಹೇಳಿ. ನಾನು ಸಂಕೋಚ ಮಾಡಿಕೊಂಡು ಸುಮ್ನೆ ಕೂತೆ. ರಿಪೋರ್ಟಿನಲ್ಲಿ ಪಿತ್ತಕೋಶ ತೀರಾ ಸಣ್ಣದು, ಸುರುಟಿಕೊಂಡಿದೆ ಅಂತ ಬಂತು. ಡಾಕ್ಟರ್ ಮೊದಲ ಸಲ ಆ ಹೆಸರು ಹೇಳಿದರು: ಬಿಲಿಯರಿ ಅಟ್ರೀಸಿಯಾ. ಲಿವರಿನಿಂದ ಕರುಳಿಗೆ ಪಿತ್ತ ಒಯ್ಯುವ ನಾಳ ಮುಚ್ಚಿಹೋಗಿರುವುದು. "ಇರಬಹುದು ಅಷ್ಟೇ, ಖಚಿತ ಇಲ್ಲ. ಆದರೆ ಇದ್ದರೆ 60 ದಿನದೊಳಗೆ ಆಪರೇಷನ್ ಆದರೆ ಒಳ್ಳೇದು. ಇವತ್ತು 44. ಬೆಂಗಳೂರಿಗೆ ಹೊರಡಿ." ಪಿತ್ತ ಕರುಳಿಗೆ ಇಳಿಯುತ್ತಿದೆಯಾ ಅಂತ ನೋಡುವ ಹೈಡಾ ಸ್ಕ್ಯಾನ್‌ಗೆ ಮುಂಚೆ ಐದು ದಿನ ಫಿನೋಬಾರ್ಬಿಟೋನ್ ಅನ್ನುವ ಔಷಧಿಯ ಹನಿ ಕೊಡಬೇಕು ಅಂತ ಹಿಂದಿನ ದಿನವೇ ಶುರು ಮಾಡಿಸಿದ್ದರು. ಆ ಒಂದು ಮುಂದಾಲೋಚನೆಯಿಂದ ನಮಗೆ ಬೆಂಗಳೂರಿನಲ್ಲಿ ಸುಮಾರು ದಿನ ಉಳಿಯಿತು. ಆ ಡಾಕ್ಟರಿಗೆ ಎಷ್ಟು ಕೈ ಮುಗಿದರೂ ಕಡಿಮೆಯೇ.

ಇಲ್ಲೇ ಒಂದು ಮಾತು. ಕಕ್ಕದ ಫೋಟೋ ತೆಗೆಯುವವರು ಹಗಲು ಬೆಳಕಿನಲ್ಲೇ ತೆಗೆಯಿರಿ. ನಮ್ಮ ಮನೆಯ ಬಲ್ಬಿನ ಕೆಳಗೆ ತೆಗೆದ ಫೋಟೋದಲ್ಲಿ ಬಿಳಿ ಕಕ್ಕವೂ ಚಂದದ ಹಳದಿಯಾಗಿ ಕಾಣುತ್ತಿತ್ತು. ಅದನ್ನು ನೋಡಿ ಒಬ್ಬರು "ನಾರ್ಮಲ್ ಇದೆಯಲ್ಲ" ಅಂದಿದ್ದರು. ಸಾಧ್ಯವಾದರೆ ಬಟ್ಟೆಯನ್ನೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡು ಹೋಗಿ ತೋರಿಸಿ. ಅಸಹ್ಯ ಅನ್ನಿಸಬಹುದು, ಡಾಕ್ಟರುಗಳಿಗೆ ಅನ್ನಿಸಲ್ಲ.

ಕಾಗದಪತ್ರದ ಕಥೆ. ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಕ್ಕೆ ಅರ್ಧ ದಿನ. ಪಾಪುವಿನ ಹೆಸರು ರೇಷನ್ ಕಾರ್ಡಿನಲ್ಲಿ ಇಲ್ಲ, ಆಧಾರ್ ಇಲ್ಲ. ಹೆಸರೇ ಇಲ್ಲ! ಆಷಾಢ ಕಳೆಯಲಿ ಅಂತ ನಾಮಕರಣ ಮುಂದೆ ಹಾಕಿದ್ದೆವು. ಹೆಸರಿನ ಜಾಗ ಖಾಲಿ ಬಿಟ್ಟೂ ಜನನ ಪ್ರಮಾಣಪತ್ರ ಕೊಡುತ್ತಾರೆ, ಒಂದು ವರ್ಷದೊಳಗೆ ಹೆಸರು ಸೇರಿಸಬಹುದು, ಹಾಗಾಗಿ ಅದೊಂದು ನಮ್ಮ ಕೈಯಲ್ಲಿತ್ತು. ಅಡ್ಡಿ ಬಂದಿದ್ದು ಬೇರೆ ಕಡೆ. ಅವಳ ಎಲ್ಲ ಕಾಗದದಲ್ಲೂ 'ಬೇಬಿ ಆಫ್' ಅಂತ ಹಾಕಿ ನನ್ನ ಹೆಸರು. ಒಂದು ರಿಪೋರ್ಟಿನಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ರೆಫರಲ್ ಚೀಟಿಯಲ್ಲಿ ಇನಿಷಿಯಲ್ಲೇ ಇಲ್ಲ. ಬೆಂಗಳೂರಿನ ಕೌಂಟರಿನಲ್ಲಿ ಇದು ಮೂರು ಬೇರೆ ಬೇರೆ ತಾಯಂದಿರು ಅನ್ನುವ ಹಾಗೆ ನೋಡಿದರು. ಮೊದಲ ದಿನದಿಂದಲೇ ಆಧಾರಿನಲ್ಲಿ ಇರುವ ಹಾಗೇ ಹೆಸರು ಬರೆಸಿ. ಎಲ್ಲದರ ಐದು ಜೆರಾಕ್ಸ್ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಫೋಲ್ಡರಿನಲ್ಲಿ. ನಮ್ಮ ಒಂದು ರಿಪೋರ್ಟ್ ಮಳೆಯಲ್ಲಿ ನೆಂದು ನೀಲಿ ನೀಲಿ ಆಗಿತ್ತು.

46ನೇ ದಿನ ಶಿವಮೊಗ್ಗದಿಂದ ಬೆಳಗಿನ ರೈಲು ಹತ್ತಿದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಮಕ್ಕಳ ಲಿವರ್ ಡಾಕ್ಟರೂ ಮಕ್ಕಳ ಸರ್ಜನ್ನೂ ಒಂದೇ ಕಡೆ ಇರುವ ಜಾಗ ನೋಡಿ ಹೋಗಿ ಅಂತ ಮಾತ್ರ ಹೇಳುತ್ತೇನೆ. 48ನೇ ದಿನ ಹೈಡಾ ಸ್ಕ್ಯಾನ್. ನರಕ್ಕೆ ಒಂದು ಔಷಧಿ ಬಿಡುತ್ತಾರೆ, ಲಿವರ್ ಅದನ್ನು ಹೀರಿ ಪಿತ್ತದ ಜೊತೆ ಕರುಳಿಗೆ ಕಳಿಸಬೇಕು. ಕ್ಯಾಮೆರಾದಲ್ಲಿ ಅದು ಚುಕ್ಕೆ ಚುಕ್ಕೆಯಾಗಿ ಕಾಣುತ್ತೆ. ನಮ್ಮವಳದ್ದು ಲಿವರಿನಲ್ಲೇ ನಿಂತಿತು. 24 ಗಂಟೆ ಬಿಟ್ಟು ಮತ್ತೆ ನೋಡಿದರು, ಕರುಳಿನಲ್ಲಿ ಏನೂ ಇಲ್ಲ.

ಹಾಗಾದರೆ ಖಚಿತ ಆಯ್ತಲ್ಲ ಅಂದೆ. ಇಲ್ಲವಂತೆ. ಲಿವರ್ ಊದಿಕೊಂಡು ತೀರಾ ಸೋತಿದ್ದರೂ ಪಿತ್ತ ಇಳಿಯದೇ ಸ್ಕ್ಯಾನ್ ಹೀಗೇ ಬರಬಹುದು. ಅಂಥ ಮಕ್ಕಳಿಗೆ ಆಪರೇಷನ್ ಬೇಡ, ಔಷಧಿ ಸಾಕು. ಸುಮ್ನೆ ಹೊಟ್ಟೆ ಕೊಯ್ದ ಹಾಗಾಗುತ್ತೆ. ಆ ಎರಡರಲ್ಲಿ ಯಾವುದು ಅಂತ ತಿಳಿಯಲು ಇಆರ್‌ಸಿಪಿ ಅನ್ನುವ ಎಂಡೋಸ್ಕೋಪಿ ಮಾಡೋಣ ಅಂದರು. ಬಾಯಿಯಿಂದ ಕ್ಯಾಮೆರಾ ಪೈಪ್ ಇಳಿಸಿ, ಹೊಟ್ಟೆ ದಾಟಿಸಿ, ಪಿತ್ತನಾಳ ಕರುಳಿಗೆ ಬಂದು ಸೇರುವ ಬಾಯಿಯ ಹತ್ತಿರ ನಿಲ್ಲಿಸುತ್ತಾರೆ. ಅಲ್ಲಿಂದ ದಾರದಷ್ಟು ಸಣ್ಣ ನಳಿಕೆ ಒಳಗೆ ತೂರಿಸಿ ಬಣ್ಣದ ಔಷಧಿ ಬಿಟ್ಟು ಎಕ್ಸ್‌ರೇಯಲ್ಲಿ ನೋಡುತ್ತಾರೆ. ದೊಡ್ಡವರ ಪೈಪ್ ಇಷ್ಟು ಚಿಕ್ಕ ಮಗುವಿಗೆ ಆಗಲ್ಲ. ಇದಕ್ಕೇ ಬೇರೆ ಪೈಪ್ ಇದೆ, ಸುಮಾರು 7.5 ಮಿಲಿಮೀಟರ್ ದಪ್ಪ. ಎಲ್ಲ ಕಡೆ ಇಲ್ಲ, ಇದ್ದರೂ ಎಳೆ ಮಕ್ಕಳಿಗೆ ಮಾಡಿ ಕೈ ಪಳಗಿದವರು ಕಮ್ಮಿ. ನಾನು ಕೈಯಲ್ಲಿದ್ದ ಪೆನ್ನು ನೋಡಿಕೊಂಡೆ. ಹೆಚ್ಚುಕಮ್ಮಿ ಅಷ್ಟೇ ದಪ್ಪ. ಆಮೇಲೆ ಅವಳ ಬಾಯಿ ನೋಡಿದೆ, ಆಕಳಿಸುತ್ತಿದ್ದಳು.

ಸಹಿ ಹಾಕುವ ಕಾಗದದಲ್ಲಿ ಮೇದೋಜೀರಕ ಊದಿಕೊಳ್ಳಬಹುದು, ರಕ್ತ ಬರಬಹುದು, ಕರುಳು ತೂತಾಗಬಹುದು, ಸೋಂಕಾಗಬಹುದು ಅಂತ ಇತ್ತು. ಇವರು ಓದದೇ ಸಹಿ ಹಾಕಲು ಹೋದರು, ನಾನು ಬಿಡಲಿಲ್ಲ. ಒಂದೊಂದೇ ಕೇಳಿದೆವು. ಆ ಡಾಕ್ಟರ್ ಕೂತು ಹೇಳಿದ ಒಂದು ಮಾತು ನೀವೂ ನೆನಪಿಟ್ಟುಕೊಳ್ಳಿ: "ಬಣ್ಣ ಪಿತ್ತನಾಳದೊಳಗೆ ಲಿವರಿನ ತನಕ ಹೋದರೆ ದಾರಿ ತೆರೆದಿದೆ ಅಂತ ಗ್ಯಾರಂಟಿ, ಆಪರೇಷನ್ ತಪ್ಪಿತು. ಹೋಗದಿದ್ದರೆ ದಾರಿ ಇಲ್ಲ ಅಂತ ಅಷ್ಟೇ ಗ್ಯಾರಂಟಿಯಾಗಿ ಹೇಳೋಕಾಗಲ್ಲ. ನಳಿಕೆ ಸರಿಯಾದ ಬಾಯಿಗೆ ಸಿಗದೇ ಇದ್ದಿರಬಹುದು."

51ನೇ ದಿನ. ಬೆಳಗಿನ ಜಾವ ನಾಲ್ಕಕ್ಕೆ ಕೊನೆಯ ಹಾಲು, ಆಮೇಲೆ ಗ್ಲೂಕೋಸ್. ಎಂಟೂವರೆಗೆ ಕರೆದರು. ಕಪ್ಪು ದೃಷ್ಟಿಬೊಟ್ಟು, ಸೊಂಟದ ಕರಿದಾರ ಎರಡೂ ತೆಗೆಯಲು ಹೇಳಿದರು. ಕರಿದಾರದ ಗಂಟು ಬಿಚ್ಚಲೇ ಬರಲಿಲ್ಲ, ಸಿಸ್ಟರ್ ಕತ್ತರಿಯಲ್ಲಿ ಕತ್ತರಿಸಿ ನನ್ನ ಕೈಗೆ ಕೊಟ್ಟರು. ಅದನ್ನು ಬೆರಳಿಗೆ ಸುತ್ತಿಕೊಂಡು ಬಾಗಿಲ ಹೊರಗೆ ಕೂತೆ. ಪೂರ್ತಿ ಅನಸ್ತೇಸಿಯ ಕೊಟ್ಟು ಉಸಿರಿಗೆ ಬೇರೆ ಪೈಪ್ ಹಾಕಿಯೇ ಮಾಡುತ್ತಾರೆ, ಅವಳಿಗೆ ಏನೂ ಗೊತ್ತಾಗಲ್ಲ ಅಂದಿದ್ದರು. ನನಗೆ ಗೊತ್ತಾಗುತ್ತಿತ್ತಲ್ಲ.

ನಮಗಿಂತ ಮುಂಚೆ ದಾವಣಗೆರೆ ಕಡೆಯ ಒಂದು ಗಂಡುಮಗು ಒಳಗೆ ಹೋಗಿತ್ತು. ಅವನಿಗೂ ಎರಡು ತಿಂಗಳು, ಅವನದ್ದೂ ಸ್ಕ್ಯಾನ್ ನಮ್ಮ ಹಾಗೆಯೇ ಬಂದಿತ್ತು. ಮೂರು ದಿನದಿಂದ ಅವನ ತಾಯಿಯೂ ನಾನೂ ಒಂದೇ ಫ್ಲಾಸ್ಕಿನಲ್ಲಿ ಕಾಫಿ ಹಂಚಿಕೊಳ್ಳುತ್ತಿದ್ದೆವು. ಡಾಕ್ಟರ್ ಹೊರಗೆ ಬಂದು ಅವರಿಗೆ ಹೇಳಿದರು, ಬಣ್ಣ ಮೇಲಿನವರೆಗೂ ಹೋಯಿತು, ನಾಳ ಚೆನ್ನಾಗಿದೆ, ಆಪರೇಷನ್ ಬೇಡ. ಅವರು ಅಲ್ಲೇ ನೆಲಕ್ಕೆ ಕೂತು ಅತ್ತರು. ನಾನು ಬೆನ್ನು ಸವರಿದೆ. ನಿಜ ಹೇಳಬೇಕೆಂದರೆ ನನಗೆ ಸಂತೋಷ ಆಗಲಿಲ್ಲ, ಹೊಟ್ಟೆಕಿಚ್ಚಾಯಿತು. ನಮ್ಮವಳಿಗೂ ಅದೇ ಆಗಲಿ, ಅದೇ ಆಗಲಿ ಅಂತ ಒಳಗೇ ಜಪ ಮಾಡಿದೆ.

ಆಗಲಿಲ್ಲ. ಒಂದು ಗಂಟೆ ಚಿಲ್ಲರೆ ಪ್ರಯತ್ನ ಮಾಡಿದರಂತೆ. ಮೇದೋಜೀರಕದ ನಾಳಕ್ಕೆ ಬಣ್ಣ ಹೋಯಿತು, ಪಿತ್ತನಾಳಕ್ಕೆ ಒಂದು ಹನಿಯೂ ಹೋಗಲಿಲ್ಲ. ಅಲ್ಲಿ ಕರುಳಿನೊಳಗೆ ಎಲ್ಲೂ ಪಿತ್ತದ ಬಣ್ಣ ಕಾಣಲಿಲ್ಲ, ಬೆಳ್ಳಗೆ ತೊಳೆದ ಹಾಗಿತ್ತು ಅಂದರು. ಇಷ್ಟೆಲ್ಲ ಸೇರಿಸಿ ನೋಡಿದರೆ ಅಟ್ರೀಸಿಯಾನೇ ಅನ್ನಿಸುತ್ತೆ, ಇನ್ನು ತಡ ಮಾಡುವುದು ಬೇಡ. ಆಪರೇಷನ್ ಟೇಬಲ್ ಮೇಲೆ ಮೊದಲು ಪಿತ್ತಕೋಶಕ್ಕೇ ಬಣ್ಣ ಬಿಟ್ಟು ಕೊನೆಯ ಸಲ ನೋಡುತ್ತೇವೆ, ದಾರಿ ಕಂಡರೆ ಹಾಗೇ ಹೊಲಿದುಬಿಡುತ್ತೇವೆ, ಕಾಣದಿದ್ದರೆ ಅದೇ ಅನಸ್ತೇಸಿಯದಲ್ಲಿ ಕಸಾಯ್ ಅನ್ನುವ ಆಪರೇಷನ್ ಮಾಡುತ್ತೇವೆ ಅಂದರು.

ಎಂಡೋಸ್ಕೋಪಿ ನಮಗೆ ದಂಡವಾಯಿತಾ ಅಂತ ಇವರ ಅಣ್ಣ ಕೇಳಿದರು. ನನಗೆ ಹಾಗನ್ನಿಸಲ್ಲ. ದಾವಣಗೆರೆಯ ಹುಡುಗ ಹೊಟ್ಟೆ ಕೊಯ್ಯಿಸಿಕೊಳ್ಳದೇ ಮನೆಗೆ ಹೋದ, ಅಷ್ಟಕ್ಕೇ ಅದಕ್ಕೆ ಬೆಲೆ ಬಂತು. ಆದರೆ ಒಂದು: ಎರಡೇ ದಿನದಲ್ಲಿ ಸಿಕ್ಕಿತು ಅಂತ ನಾವು ಮಾಡಿಸಿದೆವು. ನೀವು ಹೋದ ಕಡೆ ಆ ಸಣ್ಣ ಪೈಪ್ ಇಲ್ಲ ಅಂದರೆ ಅದನ್ನೇ ಹುಡುಕಿಕೊಂಡು ಊರೂರು ತಿರುಗಿ ದಿನ ಕಳೆಯಬೇಡಿ. ಎಷ್ಟೋ ಕಡೆ ಲಿವರ್ ಬಯಾಪ್ಸಿ (ಲಿವರಿನ ಸಣ್ಣ ಚೂರು ತೆಗೆದು ಮಾಡುವ ಪರೀಕ್ಷೆ) ನೋಡಿಕೊಂಡು ನೇರವಾಗಿ ಟೇಬಲ್ ಮೇಲೆಯೇ ಬಣ್ಣ ಬಿಟ್ಟು ನೋಡುತ್ತಾರೆ, ಕೊನೆಯ ತೀರ್ಮಾನ ಹೇಗಿದ್ದರೂ ಅಲ್ಲೇ ಆಗುವುದು.

ಅವತ್ತು ಸಂಜೆ ಇವರು ಊರಿಗೆ ಫೋನ್ ಮಾಡಿ "ಅಮ್ಮ, ಕಸಾಯ್ ಮಾಡ್ತಾರಂತೆ" ಅಂದರು. ಮಳೆ, ನೆಟ್‌ವರ್ಕ್ ಸರಿ ಇಲ್ಲ. ಅತ್ತೆಗೆ ಕೇಳಿದ್ದು ಕಷಾಯ ಅಂತ. "ಕಷಾಯಕ್ಕೆ ಬೆಂಗಳೂರಿನ ತನಕ ಹೋಗ್ಬೇಕಿತ್ತನಾ? ನಾನೇ ಮಾಡಿ ಕೊಡ್ತಿದ್ನಲ್ಲ" ಅಂದರು. ಇವರು ಜೋರಾಗಿ ಬಿಡಿಸಿ ಹೇಳಿದರು, ಆಗ ಅವರಿಗೆ ಕಸಾಯಿ ಅಂತ ಕೇಳಿ ಫೋನಲ್ಲೇ ಅಳು. ಅದು ಜಪಾನಿನ ಡಾಕ್ಟರ್ ಮೊರಿಯೋ ಕಸಾಯ್ ಅವರ ಹೆಸರು, 1950ರ ದಶಕದಲ್ಲಿ ಅವರು ಶುರು ಮಾಡಿದ ಆಪರೇಷನ್ ಅಂತ ಅವರಿಗೆ ತಿಳಿಸುವಷ್ಟರಲ್ಲಿ ಕರೆನ್ಸಿ ಮುಗಿಯಿತು. ಎಂಟು ದಿನದ ಕಷಾಯ ನೆನಪಾಗಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

53ನೇ ದಿನ ಆಪರೇಷನ್. ದಾರಿ ಇರಲಿಲ್ಲ. ಒಣಗಿ ನಾರಿನ ಹಾಗಾಗಿದ್ದ ನಾಳವನ್ನು ತೆಗೆದು, ಅವಳದೇ ಸಣ್ಣ ಕರುಳಿನ ಒಂದು ಭಾಗವನ್ನು ಮೇಲೆ ಎಳೆದು ಲಿವರಿನ ಬಾಯಿಗೇ ಹೊಲಿದರು. ಐದು ಗಂಟೆ. ಆ ಐದು ಗಂಟೆಯ ಬಗ್ಗೆ ಬರೆಯುವುದಕ್ಕೆ ನನಗೆ ಇನ್ನೂ ಆಗುತ್ತಿಲ್ಲ.

ಖರ್ಚು ಕೇಳುವವರಿಗೆ: ಆಪರೇಷನ್ ಸ್ಕೀಮಿನಲ್ಲಿ ಹೋಯಿತು. ಅದಕ್ಕೆ ಮುಂಚಿನ ರಕ್ತಪರೀಕ್ಷೆ, ಸ್ಕ್ಯಾನ್, ಎಂಡೋಸ್ಕೋಪಿ ಎಲ್ಲ ಕೈಯಿಂದಲೇ, ಸುಮಾರು 68 ಸಾವಿರ. ಮೂರು ವಾರದ ರೂಮು, ಊಟ, ಆಟೋ 23 ಸಾವಿರ. ಅಡಿಕೆ ಮಂಡಿಯಲ್ಲಿ ಮುಂಗಡ ತಂದೆವು. ಬೋರ್ಡೋ ಹೊಡೆಸುವುದು ತಪ್ಪಿ ಒಂದಿಷ್ಟು ಅಡಿಕೆ ಕೊಳೆತು ಉದುರಿತು, ಅದು ಬೇರೆ ಲೆಕ್ಕ. ಬಿಲ್ಲಿನ ಯಾವುದು ಸ್ಕೀಮಿಗೆ ಬರುತ್ತೆ, ಯಾವುದು ಬರಲ್ಲ ಅಂತ ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಸ್ಕೀಮಿನ ಕೆಲಸ ನೋಡುವ ಆರೋಗ್ಯಮಿತ್ರರನ್ನು ಕೇಳಿ. ನಾವು ಕೇಳಿದ್ದು ಕೊನೆಗೆ.

66ನೇ ದಿನ ಬಿಟ್ಟರು. ದಿನಕ್ಕೆ ಏಳು ಥರದ ಔಷಧಿ. ಎ, ಡಿ, ಇ, ಕೆ ವಿಟಮಿನ್ ಹನಿಗಳು, ಪಿತ್ತ ಹರಿಯಲು ಒಂದು, ಸೋಂಕು ಬಾರದ ಹಾಗೆ ಒಂದು. ಜ್ವರ 100 ದಾಟಿದರೆ, ಕಣ್ಣು ಮತ್ತೆ ಹಳದಿಯಾದರೆ ಅಥವಾ ಕಕ್ಕ ತಿಳಿಯಾದರೆ ಮನೆ ಮದ್ದು ಮಾಡುತ್ತಾ ಕೂರದೇ ಅದೇ ದಿನ ಆಸ್ಪತ್ರೆಗೆ ಬರಬೇಕು, ನಾಳಕ್ಕೆ ಸೋಂಕು ತಗಲಿರಬಹುದು. ಇದರಿಂದ ಪೂರ್ತಿ ವಾಸಿ ಅಂತ ಅವರು ಹೇಳಲಿಲ್ಲ. ಎಷ್ಟೋ ಮಕ್ಕಳಿಗೆ ಮುಂದೆ ಲಿವರ್ ಬದಲಿಸಬೇಕಾಗುತ್ತೆ, ಕೆಲವರಿಗೆ ತಮ್ಮದೇ ಲಿವರಿನಲ್ಲಿ ವರ್ಷಗಟ್ಟಲೆ ನಡೆಯುತ್ತೆ, ಮೂರು ತಿಂಗಳಲ್ಲಿ ಬಿಲಿರುಬಿನ್ ಎಷ್ಟಕ್ಕೆ ಇಳಿಯುತ್ತೆ ಅನ್ನುವುದರ ಮೇಲೆ ಅಂದಾಜು ಸಿಗುತ್ತೆ. ಮೊನ್ನೆ ನೋಡಿದಾಗ ಟೋಟಲ್ 4.1 ಇತ್ತು.

ಆಪರೇಷನ್ ಆಗಿ ಆರನೇ ದಿನ ಮೊದಲ ಸಲ ಹಸಿರು ಕಕ್ಕ ಬಂದಿತ್ತು. ನಾನು ಡಯಾಪರ್ ಹಿಡಿದುಕೊಂಡು ವಾರ್ಡಿನ ಕಿಟಕಿಗೆ ಓಡಿದೆ, ಬೆಳಕಿನಲ್ಲಿ ಫೋಟೋ ತೆಗೆದೆ. ಈಗ ನನ್ನ ಫೋನಿನಲ್ಲಿ ಅಂಥ ಫೋಟೋ ನೂರಕ್ಕೂ ಜಾಸ್ತಿ ಇವೆ. ಮೊನ್ನೆ ನನ್ನ ತಂಗಿ ಪಾಪುವಿನ ಮುಖ ನೋಡೋಣ ಅಂತ ಗ್ಯಾಲರಿ ತೆಗೆದು, "ಇದೆಂಥದ್ದೇ ಅಕ್ಕ, ಥೂ" ಅಂತ ಫೋನನ್ನು ಅತ್ತೆ ಕೈಗೆ ಕೊಟ್ಟಳು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಸರಿಸಿ ನೋಡಿದರು. "ಈ ಮಂಗಳವಾರದ್ದು ಚೆನ್ನಾಗಿದೆ" ಅಂದರು.